ಇವರಿಗೂ ಕಳಿಸಿ

ಸಂತೆಪೇಟೆಯ ಮಹಡಿ ಮೇಲೆ ನಮ್ಮ ವಾರಪತ್ರಿಕೆ.
ಕೆಳಗೆ ಬಿತ್ತನೆ ಆಲೂಗಡ್ಡೆಯ ಮಂಡಿ.
ಮೇ ತಿಂಗಳು ಬಂತೆಂದರೆ ಮೆಟ್ಟಿಲಿಗೆಲ್ಲ ಮಣ್ಣಿನ ವಾಸನೆ,
ಕೀಬೋರ್ಡಿನ ಸಂದಿಯಲ್ಲೂ ಧೂಳು.
ಸಂಪಾದಕರು ಅಂದರು: ಪ್ರತಿ ಬರಹದ ಕೆಳಗೆ
ಒಂದು ಲಕೋಟೆಯ ಚಿತ್ರ ಇಡಮ್ಮ,
ಒತ್ತಿದರೆ ಇನ್ನೊಬ್ಬರಿಗೆ ಹೋಗಬೇಕು.
ಎರಡು ದಿನದ ಕೆಲಸ ಅಂದೆ.
ಹಾಗಂದು ಇವತ್ತಿಗೆ ಹತ್ತೊಂಬತ್ತು ದಿನ.

ಮೂರು ಖಾನೆ ಮಾಡಿದೆ.
ನಿಮ್ಮ ಹೆಸರು.
ಅವರ ಇಮೇಲ್.
ಒಂದು ಮಾತು, ಇದ್ದರೆ.
ಈ ಮೂರನೆಯದು ನನ್ನದೇ ಕಿತಾಪತಿ, ಯಾರೂ ಕೇಳಿರಲಿಲ್ಲ.

ಪಕ್ಕದ ಮೇಜಿನ ಅಡವೀಶಯ್ಯನವರು
ಮೂವತ್ತೊಂದು ವರ್ಷ ಅಂಚೆ ಪ್ರತಿಗಳಿಗೆ ಚೀಟಿ ಅಂಟಿಸಿದವರು.
ಮೈದಾ ಗೋಂದು, ಅದಕ್ಕೊಂದು ಚಿಟಿಕೆ ಮೈಲುತುತ್ತ;
ಇಲ್ಲದಿದ್ದರೆ ಜಿರಲೆ ಚಂದಾದಾರರನ್ನೇ ತಿಂದುಹಾಕುತ್ತೆ ಅನ್ನುವವರು.
ನನ್ನ ಪರದೆಯ ಕಡೆ ಬಾಗಿ ಕೇಳಿದರು:
‘ಇದಕ್ಕೆ ಅಂಟು ಎಲ್ಲಿ?’
ಇಲ್ಲ ಸಾರ್.
‘ಮತ್ತೆ ಹೆಂಗೆ ಹಿಡಕೊಳ್ಳುತ್ತೆ?’

ಹಿಡಿದುಕೊಳ್ಳಲಿಲ್ಲ.
ಮೊದಲನೆಯದನ್ನು ನನಗೆ ನಾನೇ ಕಳಿಸಿಕೊಂಡೆ.
ಕೊನೆಗೆ ಸಿಕ್ಕಿದ್ದು ಕಸದ ಪೆಟ್ಟಿಗೆಯಲ್ಲಿ,
ಲಾಟರಿ ಗೆದ್ದಿದ್ದೀರಿ, ಕೂದಲು ಬೆಳೆಸಿಕೊಳ್ಳಿಗಳ ನಡುವೆ
ನನ್ನದೇ ಹೆಸರು, ಮುಖ ಬಾಡಿಸಿಕೊಂಡು.
ಎರಡನೆಯದು ತಲುಪಿತು. ಕನ್ನಡವೆಲ್ಲ
ಪ್ರಶ್ನಾರ್ಥಕ ಚಿಹ್ನೆಯಾಗಿತ್ತು,
ಇಡೀ ಪತ್ರಿಕೆ ನನ್ನನ್ನು ವಿಚಾರಣೆಗೆ ನಿಲ್ಲಿಸಿದ ಹಾಗೆ.
ಮೂರನೆಯದು ಸರಿಯಾಗಿ ಹೋಯಿತು. ನಾಲ್ಕುನೂರು ಸಲ ಹೋಯಿತು.
ಎಲ್ಲಿಯದೋ ಯಂತ್ರ ಒಂದು ಮಾತಿನ ಖಾನೆಯಲ್ಲಿ ಸಾಲ ಮಾರುತ್ತ
ರಾತ್ರಿಯೆಲ್ಲ ನಮ್ಮ ಹೆಸರಲ್ಲಿ ಊರು ಸುತ್ತಿತ್ತು.
ಬೇಲಿ ಹಾಕಿದೆ. ಒಬ್ಬರಿಗೆ ಗಂಟೆಗೆ ಐದು.
ಮಾತು ಇನ್ನೂರು ಅಕ್ಷರ ಮೀರಕೂಡದು.
ಎಷ್ಟು ಸುಲಭ, ಬೇರೆಯವರ ಮಾತಿಗೆ ಅಳತೆ ಇಡುವುದು.

ಇನ್ನು, ‘ಇಂದ’ ಅನ್ನುವ ಜಾಗ.
ಕಳಿಸುವವರು ಅವರು, ಹೊರುವವರು ನಾವು,
ಯಾರ ಹೆಸರಲ್ಲಿ ಬಾಗಿಲು ತಟ್ಟಬೇಕು?
ಅವರದು ಹಾಕಿದರೆ ಸುಳ್ಳು ಸಹಿ.
ನಮ್ಮದು ಹಾಕಿದರೆ ಯಾರಪ್ಪ ಇವರು ಅನ್ನುತ್ತಾರೆ.
ಹೊಸದೊಂದು ವಿಳಾಸ ಹುಟ್ಟಿಸಿದೆ:
ಉತ್ತರಿಸಬೇಡಿ.
ಅಡಿಯಲ್ಲಿ ಸಣ್ಣಕ್ಷರದಲ್ಲಿ,
ಈ ಪೆಟ್ಟಿಗೆಯನ್ನು ಯಾರೂ ನೋಡುವುದಿಲ್ಲ.

ಅಡವೀಶಯ್ಯ ಓದಿ ಕನ್ನಡಕ ಒರೆಸಿಕೊಂಡರು.
‘ಕದ ತಟ್ಟಿ, ಮಾತಾಡಬೇಡಿ ಅಂದಂಗಾಯ್ತಲ್ಲಮ್ಮ.’

ನಿನ್ನೆ, ತಪ್ಪಿದ ವಿಳಾಸಗಳ ಲೆಕ್ಕಕ್ಕೆಂದು
ಯಾರೂ ನೋಡದ ಪೆಟ್ಟಿಗೆ ತೆರೆದೆ.
ನಲವತ್ತಮೂರು ಉತ್ತರ.
ಬೇರೆಯವರ ಪತ್ರ ಓದಬಾರದು. ಓದಿದೆ.

ಗಡ್ಡೆಯನ್ನು ಔಷಧಿಯಲ್ಲಿ ಅದ್ದುವ ಬರಹಕ್ಕೆ ದುದ್ದದಿಂದ ಒಬ್ಬರು:
‘ಭಾವ, ಅದ್ದಿ ಆಯ್ತು.
ನಿಮಗಿನ್ನೂ ಸಿಟ್ಟು ಅಂದ್ಕಂಡಿದ್ದೆ.’
ಮಂಡಿನೋವಿನ ಬರಹಕ್ಕೆ:
‘ನನಗೆ ನೋವಿದೆ ಅಂತ ಯಾರು ಹೇಳಿದ್ದು ನಿನಗೆ?’
ಬಸ್ಸಿನ ಹೊಸ ವೇಳಾಪಟ್ಟಿಗೆ: ‘ನೋಡಿದೆ. ಆದರೂ ಬರಲ್ಲ.’
ಒಂದರಲ್ಲಿ ಬರೀ, ‘ಹೂಂ’.
ಎಲ್ಲರೂ ಸ್ನೇಹಿತರಿಗೆ ಅಂದುಕೊಂಡೇ ಬರೆದದ್ದು.
ಕಳಿಸಿದವರ ಹೆಸರು ನನ್ನ ಬಳಿ ಇತ್ತು, ದಾರಿ ಇರಲಿಲ್ಲ.
ನಾನು ಕೇಳಿದ್ದೇ ಹೆಸರು ಮಾತ್ರ.

‘ಚಲುವೇಗೌಡ, ಮೊಸಳೆಹೊಸಹಳ್ಳಿ’ ಅಂದದ್ದೇ ತಡ
ಅಡವೀಶಯ್ಯ ಎದ್ದು ಬೀರು ತೆಗೆದರು.
ಬೆನ್ನು ಹರಿದ ಚಂದಾ ಪುಸ್ತಕ, ನಂಬರು ಆರುನೂರ ಹನ್ನೆರಡು.
‘ಎರಡು ವರ್ಷದ ಬಾಕಿ ಇದೆ ಈ ಭಾವಂದು’
ಅಂತ ಗೊಣಗುತ್ತಲೇ ಆ ಎರಡು ಸಾಲನ್ನು
ಕಾರ್ಡಿಗೆ ಇಳಿಸಿಕೊಂಡರು, ದುಂಡಗೆ.
ಬಾಕಿಯ ವಿಷಯ ಬರೆಯಲಿಲ್ಲ.

ಮಿಕ್ಕವರು ಪುಸ್ತಕದಲ್ಲಿಲ್ಲ.
ಇವತ್ತು ನಾಲ್ಕನೇ ಖಾನೆ ಸೇರಿಸಿದ್ದೇನೆ: ನಿಮ್ಮ ಇಮೇಲ್.
ಇನ್ನು ಮೇಲೆ ಉತ್ತರ ನಮ್ಮನ್ನು ಮುಟ್ಟದೆ
ಸೇರಬೇಕಾದವರನ್ನು ಸೇರುತ್ತದೆ. ಹಾಗೇ ಆಗಬೇಕಾದ್ದು.
ಆ ‘ಹೂಂ’ ಒಂದನ್ನು,
ಯಾರಿಗಂದದ್ದೋ, ಯಾವುದಕ್ಕೆ ಒಪ್ಪಿದ್ದೋ,
ಅಳಿಸಲು ಬೆರಳಿಟ್ಟು ತೆಗೆದೆ.

ಕೆಳಗೆ ಲಾರಿಯಿಂದ ಮೂಟೆ ಇಳಿಯುತ್ತಿವೆ.
ಒಬ್ಬ ಎಣಿಸುತ್ತಾನೆ,
ಇನ್ನೊಬ್ಬ ಹೂಂಗುಡುತ್ತಾನೆ.