ಹದಿನೆಂಟರ ಚೀಟಿ

ವಿರಾಜಪೇಟೆಯ ಗಡಿಯಾರ ಕಂಬದಿಂದ ಕೆಳಗಿಳಿದರೆ
ಬೇಕರಿ ದಾಟಿ ಎರಡನೆಯ ಶಟರ್ ನನ್ನದು.
ಬೋರ್ಡಿನಲ್ಲಿ ಇನ್ನೂ 'ಫ್ಲೋರಾ ವಿಡಿಯೋಸ್'.
ಫ್ಲೋರಾ ನನ್ನ ಅಕ್ಕ, ಮದುವೆಯಾಗಿ ಮಾನಂತವಾಡಿಯಲ್ಲಿದ್ದಾಳೆ,
ವಿಡಿಯೋಗಳು ಎಲ್ಲಿವೆಯೋ ಗೊತ್ತಿಲ್ಲ.
ಈಗ ಬಾಡಿಗೆಗೆ ಕೊಡುವುದು ಗೇಮ್ ಡಿಸ್ಕು, ದಿನಕ್ಕೆ ನಲವತ್ತು.
ಗೀರು ಬಿದ್ದರೆ ಟೂತ್‌ಪೇಸ್ಟು ಹಚ್ಚಿ ಉಜ್ಜುತ್ತೇನೆ,
ಬಿಳಿಯದೇ ಆಗಬೇಕು, ಜೆಲ್ ಆಗುವುದಿಲ್ಲ.

ಸಂಜೆ ಐದಕ್ಕೆ ಎರಡೂ ಪಕ್ಷದವರು ಬರುತ್ತಾರೆ.
ಸಫ್ವಾನ್ ನೀಲಿ ಕಂಪನಿಯವನು, ಧ್ಯಾನ್ ಹಸಿರಿನವನು.
ಇವನದಕ್ಕೆ ಹತ್ತು ಟೆರಾಫ್ಲಾಪ್, ಅವನದಕ್ಕೆ ಹನ್ನೆರಡು.
ಟೆರಾಫ್ಲಾಪ್ ಎಂದರೇನೆಂದು ಇಬ್ಬರಿಗೂ ಗೊತ್ತಿಲ್ಲ, ನನಗೂ;
ಭತ್ತ ಅಳೆಯುವ ಬಟ್ಟಿ ಇದ್ದ ಹಾಗೆ ಅಂದುಕೊಂಡಿದ್ದೇನೆ.
ಬೆಲೆ ಏರಿತಂತೆ, ಚಿಪ್ಪಿಗೆ ಬರವಂತೆ,
ಆ ದೊಡ್ಡ ಆಟ ಮತ್ತೆ ಮುಂದಕ್ಕೆ ಹೋಯಿತಂತೆ,
ಆಟ ಕಟ್ಟಿದವರನ್ನೇ ಮನೆಗೆ ಕಳಿಸಿದರಂತೆ.
ಎಲ್ಲ ಅಂತೆ.
ಅಷ್ಟರಲ್ಲಿ ಕರೆಂಟು ಹೋಗುತ್ತದೆ,
ನೀಲಿಯೂ ಹಸಿರೂ ಒಂದೇ ಕಪ್ಪು.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ.
ಹೊಸ ಯಂತ್ರಕ್ಕೆ ಡಿಸ್ಕು ನುಂಗುವ ಬಾಯಿಯೇ ಇಲ್ಲ.
ಆಟ ಗಾಳಿಯಲ್ಲಿ ಬರುತ್ತದೆ, ನೂರು ಜಿಬಿ,
ಬೇಟೋಳಿಯ ಗಾಳಿಯಲ್ಲಿ ಅದಕ್ಕೆ ನಾಲ್ಕು ರಾತ್ರಿ.
ದುಡ್ಡು ಕೊಟ್ಟರೂ ಕೊಂಡಂತಲ್ಲ, ಆಡಿಕೋ ಎಂದು ಬಿಟ್ಟಂತೆ.
ಧ್ಯಾನನ ಅಜ್ಜ ಚಿಟ್ಟಿಯಪ್ಪನವರಿಗೆ ವಿವರಿಸಿದೆ.
ಅಡಿಕೆ ಹೋಳನ್ನು ಕೆನ್ನೆಗೆ ಸರಿಸಿ ಅವರೆಂದರು:
'ಜಮ್ಮಾ ಜಾಗದ ಹಾಗೆ ಅನ್ನು.
ಬಾಣೆ ನಮ್ಮದು, ಅದರ ಬೀಟೆ ಸರ್ಕಾರದ್ದು.
ನೆರಳಲ್ಲಿ ಕೂರಲು ಅಡ್ಡಿಯಿಲ್ಲ,
ಕೊಡಲಿ ಎತ್ತಬೇಕಾದರೆ ಅರ್ಜಿ.'

ಕೈಲ್ ಪೊಳ್ದಿನ ಮರುದಿನ ಧ್ಯಾನನ ಅಮ್ಮ ಬಂದರು, ಬೊಳ್ಳಮ್ಮ ಟೀಚರ್.
ಮಗ ಆರಿಸಿಟ್ಟ ಡಬ್ಬಗಳು ಕೌಂಟರಿನ ಮೇಲೆ:
ಒಂದಕ್ಕೆ ಕೆಂಪು ಚೌಕದಲ್ಲಿ ಹದಿನೆಂಟು,
ಇನ್ನೊಂದಕ್ಕೆ ಹಸಿರಿನಲ್ಲಿ ಮೂರು.
'ಹದಿನೆಂಟರಲ್ಲಿ ಏನಿದೆ?'
'ಕೋವಿ, ಟೀಚರ್. ರಕ್ತ. ಸ್ವಲ್ಪ ಬೈಗುಳ.'
ಅವರು ನಕ್ಕುಬಿಟ್ಟರು.
ಹಿಂದಿನ ದಿನವಷ್ಟೇ ಮನೆಯ ಎರಡೂ ಕೋವಿಗಳಿಗೆ
ತೋಕ್‌ಪೂ ಸಿಕ್ಕಿಸಿ ಕೈಮುಗಿದವರು.
ಮೈದಾನದಲ್ಲಿ ಹದಿನೈದರ ಮಗ
ಎರಡನೇ ಗುಂಡಿಗೆ ತೆಂಗಿನಕಾಯಿ ಸಿಡಿಸಿದ್ದನ್ನು ನೋಡಿ
ಸರ್ಕಲ್ ಇನ್ಸ್‌ಪೆಕ್ಟರೇ ಚಪ್ಪಾಳೆ ತಟ್ಟಿದ್ದರು.

'ಮೂರರಲ್ಲಿ?'
'ಫುಟ್‌ಬಾಲ್. ಮಗುವೂ ಆಡಬಹುದು.'
ಕನ್ನಡಕ ಏರಿಸಿ ಡಬ್ಬ ತಿರುಗಿಸಿದರು,
ಉತ್ತರಪತ್ರಿಕೆಯ ಹಿಂದೆಯೂ ಏನಾದರೂ ಬರೆದಿರಬಹುದು ಎಂಬಂತೆ.
ಚೀಟಿಯ ಕೆಳಗೆ ಇರುವೆಗಳಷ್ಟು ಸಣ್ಣಕ್ಷರ:
ಆಟದೊಳಗೆ ಖರೀದಿ ಉಂಟು,
ಒಳಗೇನಿದೆಯೆಂದು ಮೊದಲೇ ತಿಳಿಯದ ವಸ್ತುಗಳೂ ಸೇರಿ.
ಹಾಗೆಂದರೇನು ಎಂದರು. ಹೇಳಿದೆ.
ದುಡ್ಡು ಕಟ್ಟಿದರೆ ಒಂದು ಪೊಟ್ಟಣ ಮಿಂಚಿ ಒಡೆಯುತ್ತದೆ,
ಒಳ್ಳೆಯ ಆಟಗಾರ ಬರಬಹುದು, ಬರದಿರಬಹುದು,
ಬರದಿದ್ದರೆ ಇನ್ನೊಂದು ಪೊಟ್ಟಣ.

ಹೇಳುತ್ತಾ ಹೇಳುತ್ತಾ ನನ್ನ ನಾಲಿಗೆ ತಡವರಿಸಿತು.
ಊರಿಗೆಲ್ಲ ಗೊತ್ತು,
ಇವರ ಗಂಡ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಇಸ್ಪೀಟಿಗೆ ಕೂತು
ಇನ್ನೂ ಹೂವಾಗಿದ್ದ ಕಾಫಿಯನ್ನು ಸೋತದ್ದು,
ಆಮೇಲೆ ಜೀಪು, ಆಮೇಲೆ ಪೀಚೆಕತ್ತಿಯ ಬೆಳ್ಳಿ.
'ಇದಕ್ಕೆ ಮೂರು ಅಂತ ಹಾಕಿದವರು ಯಾರು?'
ಕೂಗಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚನ್ನು ಕೇಳುವ ದನಿ.
ನಾನು ಹಾಕಿದವನಲ್ಲ, ಆದರೂ ತಲೆ ತಗ್ಗಿಸಿದೆ.
ರಕ್ತವನ್ನು ಹನಿ ಎಣಿಸಿ ಅಳೆಯುತ್ತಾರೆ ಅವರು,
ಜೇಬಿನ ತೂತಿಗೆ ಕೋಲು ಸಿಗಲಿಲ್ಲವೋ ಏನೋ.

ಮೂರನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿ
ಹದಿನೆಂಟನ್ನು ಚೀಲಕ್ಕೆ ಹಾಕಿಕೊಂಡು ಹೋದರು.
ನಿಯಮದ ಪ್ರಕಾರ ನಾನು ಕೊಡಬಾರದಿತ್ತು.
ಬಾಡಿಗೆಯನ್ನು ಚಿಲ್ಲರೆ ಸಮೇತ ಎಣಿಸಿಟ್ಟಿದ್ದರು.

ಶನಿವಾರ ಧ್ಯಾನ್ ಡಿಸ್ಕು ತಂದ. ಒಂದೂ ಗೀರಿಲ್ಲ.
ಸಫ್ವಾನ್ ಕಾದೇ ಇದ್ದ: 'ಗ್ರಾಫಿಕ್ಸ್ ಹೇಗೆ?
ನಮ್ಮದರಲ್ಲಿ ಹುಲ್ಲಿನ ಎಳೆ ಎಳೆ ಕಾಣುತ್ತೆ.'
'ಕಾಣುತ್ತೆ, ನಮ್ಮದರಲ್ಲೂ' ಎಂದ ಧ್ಯಾನ್,
ಎಡಗೈಯಿಂದ ಬಲಭುಜ ಸವರಿಕೊಳ್ಳುತ್ತ.
ಕಾಲರ್ ಜಾರಿದ ಕಡೆ, ಕೋವಿಯ ಹಿಡಿ ಒತ್ತಿದ ಗುರುತು,
ನೀಲಿಯಾಗಿದ್ದದ್ದು ಹಸಿರಿಗೆ ತಿರುಗುತ್ತಿತ್ತು.
'ಆದರೆ ಅಂಕಲ್,
ಎಷ್ಟು ಹೊಡೆದರೂ ಅದು ಒದೆಯೋದೇ ಇಲ್ಲ.'