ಲೆಮನೇಡ್ ಬಾಟಲಿ

ಐಲಾ ದ್ವೀಪದ ಹಡಗು ಇವತ್ತು ಹೊರಡುವುದಿಲ್ಲ.
ಕೆನಕ್ರೇಗಿನ ಕಟ್ಟೆಯಲ್ಲಿ ಗಾಳಿ
ಹಗ್ಗಗಳ ಜೊತೆ ಜಗಳಕ್ಕೆ ನಿಂತಿದೆ.
ಸಿಕ್ಕಿಬಿದ್ದವರೆಲ್ಲ ನನ್ನ ಪಬ್ಬಿಗೇ ಬರಬೇಕು,
ಟಾರ್ಬರ್ಟ್ ಮುಟ್ಟುವವರೆಗೆ ಬೇರೆ ದೀಪವಿಲ್ಲ.

ಮೊದಲು ಬಾಯಿ ತೆರೆದವನು ಲಾಕ್ಲನ್. ಯಾವಾಗಲೂ ಅವನೇ.
ಐಲಾದವನು. ಮೂವತ್ತು ವರ್ಷ ಜೌಗಿನಲ್ಲಿ ಪೀಟ್ ಕಡಿದ ಕೈ,
ಉಗುರಿನ ಸಂದಿಯ ಕಪ್ಪು
ಮದುವೆಯ ದಿನವೂ ಹೋಗಿರಲಿಲ್ಲವಂತೆ.
"ಹೊಗೆಯಿಲ್ಲದ್ದು ವಿಸ್ಕಿಯೇ ಅಲ್ಲ," ಅಂದ.
"ಮೊದಲ ಗುಟುಕಿಗೆ ಆಸ್ಪತ್ರೆ, ಟಿಂಕ್ಚರು, ಸುಟ್ಟ ಹಗ್ಗ, ಏಡಿಬುಟ್ಟಿ.
ಎರಡನೆಯದಕ್ಕೆ ನಮ್ಮಮ್ಮನ ಒಲೆ.
ಮೂರನೆಯದರ ಹೊತ್ತಿಗೆ
ನೀನೇ ಒಲೆ."

ಲಡೊವಿಕ್ ಗ್ರಾಂಟ್ ಮೂಗಿನೊಳಗೇ ನಕ್ಕ.
ಸ್ಪೇ ನದಿಯ ಕಡೆಯವನು, ಪೀಪಾಯಿ ಕಟ್ಟುವವನು,
ಓಕ್ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ
ಅದರ ವಯಸ್ಸು ಹೇಳಬಲ್ಲ; ಹೆಂಡತಿಯದು ಮರೆಯುತ್ತಾನೆ.
"ಬೆಂಕಿಬಿದ್ದ ಮನೆಯನ್ನು ಬಾಟಲಿಗೆ ತುಂಬಿ ಮಾರುತ್ತೀರಿ ನೀವು.
ನಮ್ಮದು ಶೆರ್ರಿ ಕುಡಿದ ಮರದಲ್ಲಿ
ಹದಿನೆಂಟು ಚಳಿಗಾಲ ಮಲಗಿ ಎದ್ದದ್ದು.
ಒಣದ್ರಾಕ್ಷಿ, ಬೇಯಿಸಿದ ಪೇರು, ಜೇನುಮೇಣ.
ಗಂಟಲಿಗಿಳಿದದ್ದೇ ಗೊತ್ತಾಗುವುದಿಲ್ಲ."
"ಗೊತ್ತೇ ಆಗದ್ದಕ್ಕೆ ದುಡ್ಡು ಯಾಕೆ ಕೊಡಬೇಕು?"
ಅಂದ ಲಾಕ್ಲನ್.

ಗ್ರಿಸೆಲ್ ಕ್ಯಾಂಬೆಲ್‌ಟೌನಿನವಳು.
ಒಂದು ಕಾಲಕ್ಕೆ ಆ ಊರ ತುಂಬ ಚಿಮಣಿ,
ಈಗ ಬೆರಳು ಮಡಿಚುವಷ್ಟು.
ಅಳಿದುಳಿದ ಊರಿನವರ ಹಾಗೆ ಅವಳ ಮಾತೂ ಕಡಿಮೆ:
"ಉಪ್ಪು. ಒದ್ದೆ ಕಂಬಳಿ. ಒಂಚೂರು ಗ್ರೀಸು. ಸಾಕು."

ಆಂಟ್ರಿಮ್‌ನ ಮಾಲಕಿ, ಕುರಿಲಾರಿಯ ಡ್ರೈವರು,
ಮೂರು ಸಲ ಬಟ್ಟಿ ಇಳಿಸಿದ್ದರ ನಯದ ಬಗ್ಗೆ ಏನೋ ಶುರುಮಾಡಿದ.
ಯಾರೂ ಕೇಳಲಿಲ್ಲ. ಅವನ ನಾಯಿ ಕೂಡ.

ನಾನು ಲೋಟ ಒರೆಸುತ್ತಿದ್ದೆ.
ಹೆತ್ತವರಿಗೆ ಹೆಗ್ಗಣ ಮುದ್ದು, ಊರವರಿಗೆ ಊರ ನೀರು.
ಇಪ್ಪತ್ತೆರಡು ವರ್ಷದಲ್ಲಿ ನನ್ನ ರುಚಿ ಯಾವುದೆಂದು
ಕೇಳಿದವರಿಲ್ಲ. ಕೇಳಿದರೂ ಹೇಳಲು ನಾಚಿಕೆ:
ನನಗೆ ಹಲ್ಲು ಹುಟ್ಟುವಾಗ ಅಪ್ಪ ವಸಡಿಗೆ ಸವರಿದ್ದು
ಅಂಗಡಿಯಲ್ಲೇ ಅತಿ ಅಗ್ಗದ ಬ್ಲೆಂಡು, ಕಿರುಬೆರಳಲ್ಲಿ.
ನೆನಪಿರಲು ಸಾಧ್ಯವಿಲ್ಲ, ಗೊತ್ತು.
ನಾಲಿಗೆಗೆ ಅದು ಗೊತ್ತಿಲ್ಲ.

ಹನ್ನೊಂದಕ್ಕೆ ಕರೆಂಟು ಹೋಯಿತು.
ಕಪಾಟಿನ ಲೇಬಲ್ಲುಗಳೆಲ್ಲ ಒಟ್ಟಿಗೇ ಕುರುಡಾದವು.
ಕೌಂಟರಿನಡಿ ಕೈಗೆ ಸಿಕ್ಕಿದ್ದು ಲೆಮನೇಡ್ ಬಾಟಲಿ.
ಅದನ್ನೇ ಸುರಿದೆ, ಎಲ್ಲರಿಗೂ, ಕತ್ತಲಲ್ಲಿ,
ಸದ್ದಿನ ಅಳತೆಯಲ್ಲಿ.

ತುಸು ಹೊತ್ತು ಗಾಳಿಯದೊಂದೇ ಮಾತು.
"ನಮ್ಮದೇ," ಅಂದ ಲಾಕ್ಲನ್. "ಬಾಲದಲ್ಲಿ ಹೊಗೆ ಇದೆ."
"ಹುಚ್ಚ. ಶೆರ್ರಿ ಮರ. ಪೀಪಾಯಿ ನಾನೇ ಕಟ್ಟಿದ್ದಿರಬೇಕು."
"ಉಪ್ಪು," ಅಂದಳು ಗ್ರಿಸೆಲ್,
ಅವಳ ದನಿ ಮೊದಲ ಬಾರಿ ಮೆತ್ತಗಿತ್ತು.

ನಾನು ಬಾಯಿ ಬಿಡಲಿಲ್ಲ.
ಪ್ರತಿ ಬಾಟಲಿಯ ತಳದಲ್ಲಿ ಉಳಿಯುತ್ತದಲ್ಲ ಅರ್ಧ ಹೆಬ್ಬೆರಳು,
ಯಾರಿಗೂ ಒಂದು ಪೆಗ್ಗಾಗದ್ದು,
ಬಾಗಿಲು ಹಾಕಿದ ಮೇಲೆ ಅದನ್ನೆಲ್ಲ ಇದರೊಳಗೆ ಬಗ್ಗಿಸುತ್ತೇನೆ.
ಐಲಾ, ಸ್ಪೇ, ಯಾರೋ ಬಿಟ್ಟುಹೋದ ಕೆಂಟಕಿ,
ದಂಪತಿಯೊಬ್ಬರು ಜಪಾನಿನಿಂದ ತಂದು ಜಗಳವಾಡಿ ಮರೆತದ್ದು.
ಒಮ್ಮೆ, ಕನ್ನಡಕವಿಲ್ಲದ ರಾತ್ರಿ, ಶುಂಠಿ ವೈನು ಕೂಡ.
ಯಾವತ್ತೂ ಪೂರ್ತಿ ಖಾಲಿಯಾದದ್ದಿಲ್ಲ.
ನಿಜ ಹೇಳಬೇಕೆಂದರೆ
ನನಗೆ ಅದು ಅಷ್ಟೇನೂ ಸೇರುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಹಡಗಿನ ಕೊಂಬು ಕೂಗಿತು.
ಲಾಕ್ಲನ್, ಲಡೊವಿಕ್ ಒಂದೇ ಕೊಡೆಯಡಿ ಜಗಳವಾಡುತ್ತ ಇಳಿದರು.
ಮಾಲಕಿ ಹಿಂದುಳಿದ, ಚಿಲ್ಲರೆ ಎಣಿಸುತ್ತ,
ನಾಯಿಯ ಹಗ್ಗ ಮಣಿಕಟ್ಟಿಗೆ ಸುತ್ತುತ್ತ.
"ರಾತ್ರಿ ಕೊಟ್ಟಿರಲ್ಲ," ಅಂದ, ಮೆಲ್ಲಗೆ,
"ಅದರಲ್ಲಿ ಒಂಚೂರು ಶುಂಠಿ ಇತ್ತೇ?"

ಮುಂದಿನ ಸಲ ಬಂದರೆ
ಆ ಮೂರು ಸಲದ ಕಥೆ ಪೂರ್ತಿ ಕೇಳಬೇಕು.