ಸೋಮವಾರ ರಜೆ

ಸೋಮವಾರ ಗೂಳಪ್ಪನ ದೋಸೆ ಹೋಟ್ಲಿಗೆ ರಜೆ.
ಹನ್ನೊಂದಕ್ಕೆ ಫೋನು: "ಬಾರೋ, ಆ ಜಪಾನು ಶಾವಿಗಿ ನೋಡಾನ."

ಪಿ.ಜೆ. ಬಡಾವಣೆಯ ಮೂಲೆ,
ಮೊದಲು ಜೆರಾಕ್ಸ್ ಅಂಗಡಿ ಇದ್ದಲ್ಲಿ
ನಾಲ್ಕೇ ಮೇಜು, ಕೆಂಪು ಕಾಗದದ ದೀಪ.
ತಿಂಡಿಗೆ ತಡ, ಊಟಕ್ಕೆ ಬೇಗ,
ಈ ಹೊತ್ತಿಗೂ ಒಂದು ಹೆಸರಿದೆಯಂತೆ, ಬ್ರಂಚ್.
ಮೂವತ್ತು ವರ್ಷ ಇದೇ ಹೊತ್ತಿಗೆ
ಹೆಂಚಿನ ಮುಂದೆ ಬೆವರಿದವನಿಗೆ
ಯಾರೂ ಹೇಳಿರಲಿಲ್ಲ.

ಬಟ್ಟಲು ಬಂತು. ಕನ್ನಡಕ ಮಂಜಾಯಿತು.
ಕಡ್ಡಿ ಎರಡನ್ನೂ ಊದುಬತ್ತಿಯಂತೆ ಹಿಡಿದು
ಸೋತು, ಚಮಚ ಕೇಳಿದ.
ರಾಮೆನ್ನಿನ ಸಾರು ನಾಲಿಗೆಗಿಟ್ಟು ಸುಮ್ಮನೆ ಕೂತ;
ಹಿಟ್ಟಿನ ಹುಳಿ ನೋಡುವಾಗ ಹೀಗೇ ಕೂರುತ್ತಾನೆ.

ಆಮೇಲೆ ಅಡುಗೆ ಹುಡುಗನ ಕರೆದು,
"ತಮ್ಮಾ, ಚೂರು ಬೆಣ್ಣಿ ಐತೇನು?"
ನನಗೆ ನಾಚಿಕೆ. ಹುಡುಗ ನಕ್ಕ:
"ಅಲ್ಲೂ ಹಾಕ್ತಾರ್ರೀ, ಚಳಿ ಸೀಮಿಯೊಳಗ."

ಬೆಣ್ಣೆ ಕರಗಿ ಹಳದಿ ಕಣ್ಣುಗಳಾಗಿ ತೇಲಿತು.
ಗೂಳಪ್ಪ ಸೊರ್ರೆಂದು ಹೀರಿದ,
ಪಕ್ಕದ ಮೇಜಿನ ಕಾಲೇಜು ಹುಡುಗಿಯರು ತಿರುಗುವಷ್ಟು.

ಬಿಲ್ಲು ಕೊಟ್ಟು ಮೆಟ್ಟಿಲಿಳಿಯುತ್ತ:
"ಇಷ್ಟಕ್ಕ ಐದು ಬೆಣ್ಣಿ ದೋಸಿ, ಮ್ಯಾಲೊಂದು ಖಾಲಿ."
ಸ್ವಲ್ಪ ದೂರ ಹೋಗಿ ನಿಂತ.
"ಆ ಸಾರು ಎಷ್ಟೊತ್ತು ಕುದಿಸ್ತಾನ
ಕೇಳ್ಲೇ ಇಲ್ಲ ನೋಡು."